ಅಜ್ಜ ಕೊಟ್ಟ ಹೊಲದ ಸರದಿ

೧೯೮೮ರಲ್ಲಿ ಅಪ್ಪ ತೀರಿಕೊಂಡು, ಏಳನೇ ಇಯತ್ತೆಗೇ ನನ್ನ ಓದು ನಿಂತಿತು. ಬಡಮಕ್ಕಳ ಓದಿಗೆಂದು ಅಜ್ಜನೂ ಅವನ ಗೆಳೆಯರೂ ಶೇಡಬಾಳದ ಬದಿಯ ನಮ್ಮೂರ ಟ್ರಸ್ಟಿಗೆ ಹೊಲ ಕೊಟ್ಟಿದ್ದರು. ಅವರ ಮನೆಯವರೇ ಸರದಿಯಂತೆ ಅದನ್ನು ಪುಕ್ಕಟೆ ಉಳುತ್ತಿದ್ದರು. ಟ್ರಸ್ಟಿನವರ ಸಹಾಯ ಕೇಳಿಕೊಂಡು ಬಾ ಎಂದು ಅವ್ವ ಹೇಳಿದರೂ ನಾನು ಸೆಟೆದು ಹೋಗಲೇ ಇಲ್ಲ.

ದುಡಿದು ಟ್ರ್ಯಾಕ್ಟರ್ ಕೊಂಡಮೇಲೆ ಟ್ರಸ್ಟಿನ ಹಿರಿಯರೊಬ್ಬರು ಮನೆಗೆ ಬಂದರು.

"ತಮ್ಮಾ, ಈ ಸಲ ನಿಮ್ಮ ಮನಿ ಸರದಿ."

"ನನಗ ಕಲಿಸದ ಹೊಲಕ್ಕ ನಾ ಯಾಕ ಟ್ರ್ಯಾಕ್ಟರ್ ಹೊಡೀಲಿರಿ?"

"ಕೇಳಾಕರ ಯಾವಾಗ ಬಂದಿದ್ದೆಪಾ ನೀ?" ಎಂದು ಎದ್ದುಹೋದರು.

"ಕೊಟ್ಟಾಂವನ ಮೊಮ್ಮಗನಽ ಬರಂಗಿಲ್ಲ" ಎಂದು ಮರುವರ್ಷ ಉಳಿದವರೂ ಕೈಬಿಟ್ಟರು. ಹೊಲ ಬೀಳುಬಿತ್ತು, ಅದರ ಬೆಳೆಯಿಂದ ಮಕ್ಕಳ ಓದಿಗೆ ಕೊಡುವುದೂ ನಿಂತಿತು. ತಪ್ಪಾಯಿತು ಎನ್ನಲು ಆ ಹಿರಿಯರೂ ಈಗಿಲ್ಲ.

ಈಗ ನನ್ನ ಹತ್ತಿರ ಎರಡು ಟ್ರ್ಯಾಕ್ಟರ್, ಒಂಬತ್ತು ಎಕರೆ ಕಬ್ಬು, ನಾಲ್ಕು ಎಮ್ಮೆ ಇವೆ.