ತಿರುವಿನಲ್ಲಿ ಕಾಯುತ್ತಿದ್ದ ಆನೆ

ಸಫ್ದರನಿಗೆ ತನ್ನ ಹೆಸರನ್ನು ದೊಡ್ಡದಾಗಿ ನೋಡುವ ಆಸೆಯಿತ್ತು. ಸಂಬಳ ಸಣ್ಣದಾದ್ದರಿಂದ ಸಣ್ಣ ಅಕ್ಷರದಲ್ಲೇ ತೃಪ್ತಿಪಟ್ಟುಕೊಂಡಿದ್ದ. ಮೂಡಿಗೆರೆಯಲ್ಲಿ ರೇಣುಕಪ್ರಸಾದರ ಫ್ಲೆಕ್ಸ್ ಅಂಗಡಿಗೆ ಅವನೇ ಡಿಸೈನರ್. ಡಿಸೈನರ್ ಅಂದರೆ ಮದುಮಗನ ಮೊಡವೆ ಒರೆಸುವವನು, ತೀರಿಕೊಂಡವರ ಕೊರಳಿಗೆ ಹಾರ ಹಾಕುವವನು, ಹುಟ್ಟುಹಬ್ಬದ ಲೀಡರನ ಹಿಂದೆ ಸಿಂಹ ನಿಲ್ಲಿಸುವವನು. ಆಮೇಲೆ ಏಣಿ ಹೊತ್ತು ಹೋಗಿ ಅವನ್ನೆಲ್ಲ ಕಟ್ಟಿ ಬರುವವನು. ಪ್ರತಿ ಫ್ಲೆಕ್ಸಿನ ಮೂಲೆಯಲ್ಲೂ ಅಂಗಡಿಯ ನಂಬರಿನ ಪಕ್ಕ ಇರುವೆ ಗಾತ್ರದಲ್ಲಿ 'ವಿನ್ಯಾಸ: ಸಫ್ದರ್' ಎಂದು ಸೇರಿಸುತ್ತಿದ್ದ.

"ಅದನ್ನ ಓದ್ಬೇಕಾದ್ರೂ ಏಣಿ ಬೇಕು ಮಾರಾಯ" ಎನ್ನುತ್ತಿದ್ದರು ರೇಣುಕಪ್ರಸಾದ್.

ಡಿಸೆಂಬರಿನಲ್ಲಿ ಕೊಟ್ಟಿಗೆಹಾರದ ಆಚೆ ಹೊಸದಾಗಿ ಶುರುವಾದ ರೆಸಾರ್ಟಿನವರು ಒಂದು ಆನೆ ಬೇಕೆಂದರು. ನಿಜವಾದದ್ದರಷ್ಟೇ ಎತ್ತರ ಇರಬೇಕು, ತಿರುವಿನಲ್ಲಿ ಗಕ್ಕನೆ ಎದುರಾಗಬೇಕು, ಕಾರಿನವರು ಬ್ರೇಕ್ ಹಾಕಬೇಕು. ಇಂಟರ್ನೆಟ್ಟಿನ ಆನೆಗಳೆಲ್ಲ ಹಿಗ್ಗಿಸಿದೊಡನೆ ಚೌಕಚೌಕವಾಗಿ ಒಡೆದುಹೋದವು. ಕೊನೆಗೆ ಸಫ್ದರ್ ತನ್ನ ಫೋನಿನಿಂದಲೇ ಒಂದನ್ನು ತೆಗೆದ. ಆನೆ ಎಲ್ಲಿ ಓಡಾಡುತ್ತಿದೆ ಎಂದು ಊರವರಿಗೆ ತಿಳಿಸುವ ವಾಟ್ಸಾಪ್ ಗುಂಪಿನಲ್ಲಿ ಎರಡು ವರ್ಷದ ಹಿಂದೆ ಬಂದಿದ್ದ ಫೋಟೊ ಅದು. ಎಷ್ಟು ಹಿಗ್ಗಿಸಿದರೂ ಒಡೆಯಲಿಲ್ಲ. ರೆಪ್ಪೆಯ ಕೂದಲು ಕೂಡ ಎಣಿಸಬಹುದಿತ್ತು. ಅವನಿಗೆ ಆಗಲೇ ಅನುಮಾನ ಬರಬೇಕಿತ್ತು. ವಾಟ್ಸಾಪ್ ಫೋಟೊ ಹಿಗ್ಗಿಸಿದರೆ ಒಡೆಯಲೇಬೇಕು, ಅದು ಕಸುಬಿನ ನಿಯಮ. ಆದರೆ ಅಂದು ಕೆಲಸ ಬೇಗ ಮುಗಿದ ಖುಷಿಯಲ್ಲಿ ಅವನು ಪಕ್ಕದ ಹೋಟೆಲಿಗೆ ಹೋಗಿ ಎರಡು ಗೋಳಿಬಜೆ ಹೆಚ್ಚೇ ತಿಂದ.

ಫೋಟೊದ ಅಡಿಯಲ್ಲಿ ಕೆಂಪು ಪಟ್ಟಿಯಿತ್ತು: 'ಎಚ್ಚರಿಕೆ! ಯಾರೂ ಹೊರಗೆ ಬರಬೇಡಿ.' ಸಫ್ದರ್ ಅದನ್ನು ಕತ್ತರಿಸಿ ಎಸೆದ. ಸೊಂಡಿಲಿಗೊಂದು ಕಾಫಿ ಕಪ್ಪು ಹಿಡಿಸಿದ. ಪಟ್ಟಿಯಿದ್ದ ಜಾಗದಲ್ಲಿ ಹಳದಿ ಅಕ್ಷರದಲ್ಲಿ ಬರೆದ: 'ಬನ್ನಿ, ನಿಮಗೋಸ್ಕರವೇ ಕಾಯ್ತಾ ಇದ್ದೀನಿ!' ಬರೆದು ತಾನೇ ನಕ್ಕ. ಗಾಳಿಗೆ ಹರಿಯದಿರಲೆಂದು ಅಲ್ಲಲ್ಲಿ ಅರ್ಧಚಂದ್ರದ ತೂತು ಕೊಯ್ದು, ತಿರುವಿನ ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಬಂದ.

ಪ್ರವಾಸಿಗರು ಕಾರು ನಿಲ್ಲಿಸಿ ಕಪ್ಪಿಗೆ ಬಾಯಿಟ್ಟ ಹಾಗೆ ಸೆಲ್ಫಿ ತೆಗೆದುಕೊಂಡರು. ಊರಿನ ಗುಂಪಿನಲ್ಲಿ ಒಬ್ಬರು, "ಇಲ್ಲಿ ಜನ ಸಾಯ್ತಾ ಇದ್ದಾರೆ, ಇವ್ರಿಗೆ ತಮಾಷೆ" ಎಂದು ಬರೆದರು. ಅದರ ಕೆಳಗೆ ಮೂವರು ಕೈಮುಗಿದರು, ಇಬ್ಬರು ನಕ್ಕರು, ಇನ್ನೊಬ್ಬರು "ಪ್ರಿಂಟ್ ಚೆನ್ನಾಗಿದೆ, ಎಲ್ಲಿ ಮಾಡ್ಸಿದ್ದು?" ಎಂದು ಕೇಳಿದರು. ಸಫ್ದರ್ ಕೊನೆಯದಕ್ಕೆ ಮಾತ್ರ ಉತ್ತರ ಕೊಟ್ಟ.

ಹತ್ತನೇ ದಿನ ಅಂಗಡಿಗೆ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದ ಪ್ರಾಯ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಬೆರಳ ತುದಿಯಲ್ಲಿ ಕಾಫಿ ಹಣ್ಣಿನ ಕಪ್ಪು ಅಂಟು.

"ಸಫ್ದರ್ ಅಂದ್ರೆ ಯಾರು?"

"ನಾನೇ ಅಮ್ಮ." ಮೊದಲ ಸಲ ಯಾರೋ ಹೆಸರು ಓದಿಕೊಂಡು ಬಂದಿದ್ದರು. ಅವನು ಕೂದಲು ಸರಿಮಾಡಿಕೊಂಡ.

"ಮಗಳು ಧನ್ಯಶ್ರೀ ಓದಿ ಹೇಳಿದ್ಲು. ನಾನು ಪಾಪಮ್ಮ, ಆ ತಿರುವಿನ ಎಸ್ಟೇಟಲ್ಲಿ ಹಣ್ಣು ಕುಯ್ಯೋದು. ನಮ್ಮನೆಯವ್ರು ಕೆಂಪಯ್ಯ. ನೀನು ಕಾಫಿ ಕಪ್ಪು ಕೊಟ್ಟು ನಿಲ್ಸಿದ್ದೀಯಲ್ಲ ಆನೆ, ಅದೇ ಅವ್ರನ್ನ ತುಳಿದಿದ್ದು. ಆ ಫೋಟೊ ತೆಗೆದ ಮಾರನೇ ದಿನ."

ಸಫ್ದರನ ಕೈ ಕೂದಲಲ್ಲೇ ನಿಂತಿತು. "ಅಮ್ಮ, ಆನೆಗಳೆಲ್ಲ ಒಂದೇ ಥರ..."

"ಎಡಗಿವಿ ಕೆಳಗೆ ಹರಿದಿದೆ. ನೋಡು ಬೇಕಾದ್ರೆ."

ಅವನು ಕಂಪ್ಯೂಟರಿನಲ್ಲಿ ನೋಡಿದ. ಹರಿದಿತ್ತು.

"ನಾವು ಹನ್ನೊಂದು ಜನ ಹೆಂಗಸ್ರು ಈಗ ರಸ್ತೇಲಿ ಹೋಗಲ್ಲ. ಕೆಳಗೆ ಹಳ್ಳದ ದಾರಿ ಹಿಡಿದು ಕೆಲ್ಸಕ್ಕೆ ಹೋಗ್ತೀವಿ."

"ಹಳ್ಳದ ದಾರಿಯಾ? ಅದು ಆನೆ ಓಡಾಡೋ ಜಾಗ ಅಲ್ವಾ?"

"ಹೌದು. ಜೀವ ಇರೋದಾದ್ರೆ ಮರದ ಒಂದು ಗೆಲ್ಲಾದ್ರೂ ಮುರೀತದೆ, ವಾಸನೆ ಬರ್ತದೆ, ಓಡ್ಬಹುದು. ನೀನು ಕಟ್ಟಿದ್ದು ಸುಮ್ನೆ ನೋಡ್ತದೆ. ಅದನ್ನ ತೆಗಿ ಮಗಾ. ಇನ್ನೊಬ್ರು ಹೋಗೋ ಮೊದ್ಲು ತೆಗಿ."

ಒಳಗಿದ್ದ ರೇಣುಕಪ್ರಸಾದರಿಗೆ ಎಲ್ಲ ಕೇಳಿಸಿತ್ತು. ಅವರು ಕೆಟ್ಟವರಲ್ಲ, ಗಿರಾಕಿ ಕಳೆದುಕೊಳ್ಳಲಾರದವರು. ಪಾಪಮ್ಮ ಹೋದ ಮೇಲೆ ಬಹಳ ಯೋಚಿಸಿ ಹೇಳಿದರು: "ನೋಡೋದೇ ತೊಂದ್ರೆ ಅಲ್ವಾ? ಹಂಗಾದ್ರೆ ಒಂದು ಕೂಲಿಂಗ್ ಗ್ಲಾಸ್ ಸ್ಟಿಕ್ಕರ್ ಹೊಡಿ. ಕಣ್ಣಿಗೆ ಅಂಟ್ಸಿ ಬಾ."

ಮಾಲೀಕರ ಈ ಉಪಾಯ ಹುಚ್ಚುತನವೆಂದು ಸಫ್ದರನಿಗೆ ಅನ್ನಿಸಿತು. ಅನ್ನಿಸಿದ ಮೇಲೂ ಕುಳಿತು ಸ್ಟಿಕ್ಕರಿನ ಗಾಜಿಗೆ ಚಂದದ ಹೊಳಪು ಕೊಟ್ಟ. ಅವನ ಧೈರ್ಯದ ಅಳತೆ ಅಷ್ಟು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಅಂಗಡಿಯ ಅಪೆ ಆಟೊದಲ್ಲಿ ಏಣಿ ಹಾಕಿಕೊಂಡು ತಿರುವಿಗೆ ಬಂದಾಗ ಮಂಜು ಇನ್ನೂ ಎದ್ದಿರಲಿಲ್ಲ. ಅವನು ತೆಗೆಯಲು ಬರುತ್ತಾನೆಂದು ನಂಬಿದ್ದ ಪಾಪಮ್ಮ ಕೆಲಸ ಬಿಟ್ಟು ರಸ್ತೆಯ ಆಚೆ ಕಾಯುತ್ತಿದ್ದರು. ಉಳಿದ ಹತ್ತು ಜನ ಏಳೂವರೆಗೇ ಹಳ್ಳದ ದಾರಿಯಲ್ಲಿ ಹೋಗಿದ್ದರು. ಸ್ಟಿಕ್ಕರಿನ ಸುರುಳಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಸಫ್ದರ್ ಏಣಿ ಹತ್ತಿದ.

ಅಷ್ಟು ಹತ್ತಿರದಿಂದ ಆ ಕಣ್ಣು ಅವನ ಮುಖದಷ್ಟಿತ್ತು. ಕಣ್ಣಿನ ಕೆಳಗೇ ಅವನೇ ಕೊಯ್ದ ಗಾಳಿತೂತು. ಸ್ಟಿಕ್ಕರ್ ಬಿಡಿಸುವಾಗ ಫ್ಲೆಕ್ಸು ಮೆಲ್ಲಗೆ ಉಬ್ಬಿ ಅವನ ಎದೆಗೆ ತಾಗಿತು. ಗಾಳಿ, ಅಂದುಕೊಂಡ. ಪಕ್ಕದ ಸಿಲ್ವರ್ ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ.

"ಇಳೀಬೇಡ" ಎಂದರು ಪಾಪಮ್ಮ, ಮಗುವನ್ನು ಮಲಗಿಸುವ ದನಿಯಲ್ಲಿ. "ಮಾತಾಡ್ಬೇಡ."

ಫ್ಲೆಕ್ಸು ಹಿಂದೆ ಸರಿದು ಮತ್ತೆ ಉಬ್ಬಿತು. ಈ ಸಲ ಆನೆಯ ಹಣೆಯೇ ಚಿತ್ರದಿಂದ ಈಚೆ ಬಂದು ಅವನನ್ನು ನಿಧಾನಕ್ಕೆ ತಳ್ಳಿದಂತಾಯಿತು. ಗಾಳಿತೂತಿನಿಂದ ಬೆಚ್ಚಗಿನ ಉಸಿರು ಗದ್ದಕ್ಕೆ ಹೊಡೆಯಿತು: ಹಸಿ ಸೊಪ್ಪು, ಹಳ್ಳದ ಕೆಸರು, ಬಲಿತ ಹಲಸಿನಂಥದೇನೋ. ತೂತಿನಾಚೆ ಬೂದುಬಣ್ಣವೊಂದು ತುಂಬಿ ನಿಂತಿತ್ತು. ಅದು ಮಂಜಾಗಿದ್ದರೆ ಚಲಿಸುತ್ತಿತ್ತು. ಸಫ್ದರನಿಗೆ ಕಲಿಮಾ ನೆನಪಾಗಲಿಲ್ಲ. ನೆನಪಾದದ್ದು ತಾನು ಬರೆದ ಹಳದಿ ಅಕ್ಷರ ಮಾತ್ರ, ಅದೂ ತನ್ನದೇ ದನಿಯಲ್ಲಿ, ಮತ್ತೆ ಮತ್ತೆ.

ಎಷ್ಟು ಹೊತ್ತೋ. ಫ್ಲೆಕ್ಸಿನ ಹಿಂದೆ ಒಂದು ಗೆಲ್ಲು ಮುರಿಯಿತು. ಆಮೇಲೆ ಇನ್ನೊಂದು, ಸ್ವಲ್ಪ ದೂರದಲ್ಲಿ.

"ಹೋಯ್ತು" ಎಂದರು ಪಾಪಮ್ಮ. "ಹಳ್ಳದ ದಾರೀಲೇ ಹತ್ತಿ ಬಂದಿದ್ದು. ಆ ಹತ್ತು ಜನ ಒಂದ್ಗಂಟೆ ತಡ ಮಾಡಿದ್ರೆ..." ಅವನ ಕೈಯಲ್ಲಿ ಮುದುಡಿದ್ದ ಕಪ್ಪು ಕನ್ನಡಕವನ್ನು ಆಗಷ್ಟೇ ಕಂಡರು. "ಅದೇನದು?"

"ಏನಿಲ್ಲ ಅಮ್ಮ." ಅದನ್ನು ಜೇಬಿಗೆ ತುರುಕಿ ಬ್ಲೇಡು ತೆಗೆದ. ಒಂದೊಂದೇ ಹಗ್ಗ ಕೊಯ್ದ. ಆ ಆತುರದಲ್ಲಿ ಎರಡು ಬೆರಳನ್ನೂ ಕೊಯ್ದುಕೊಂಡ. ಅಷ್ಟರಲ್ಲಿ ಫೋನು ಬಂತು.

"ಅಂಟ್ಸಿದ್ಯಾ?" ಎಂದರು ರೇಣುಕಪ್ರಸಾದ್.

"ಇಲ್ಲ ಸಾರ್. ಬಿಚ್ಚಿದೆ."

"ನಾಳೆ ಅಂಗಡಿಗೆ ಬರ್ಬೇಡ."

"ಸಾರ್..."

"ನಾಡಿದ್ದು ಬಾ. ನಾಳೆ ರೆಸಾರ್ಟಿನವ್ರು ಬೈಯೋಕೆ ಬರ್ತಾರೆ, ನಾನೊಬ್ನೇ ಕೇಳ್ತೀನಿ. ಆ ಫೈಲ್ ಅಳ್ಸಿಬಿಡು ಮಾರಾಯ."

ಗಟ್ಟಿ ಫ್ಲೆಕ್ಸನ್ನು ಈ ಕಡೆ ಯಾರೂ ಎಸೆಯುವುದಿಲ್ಲ. ಪಾಪಮ್ಮ ಅದನ್ನು ಸೌದೆಗೆ ಹೊದಿಸಲು ಕೇಳಿದರು. ಇಬ್ಬರೂ ಹಿಡಿದು ಕೂಲಿಯವರ ಸಾಲಿನಲ್ಲಿದ್ದ ಅವರ ಲೈನು ಮನೆಯ ಹಿಂದೆ, ಮುಖ ಕೆಳಗೆ ಮಾಡಿ, ಸೌದೆಯ ರಾಶಿಯ ಮೇಲೆ ಹರವಿದರು. ಬಿಳಿಯ ಬೆನ್ನು ಮೇಲಾಯಿತು. ಅದರ ನಡುವೆ ಹಸಿ ಕೆಸರು ಮೆತ್ತಿಕೊಂಡಿತ್ತು: ಅಗಲವಾದ ಹಣೆ, ಕೆಳಕ್ಕೆ ಎಳೆದ ಉದ್ದನೆಯ ಗೆರೆ. ಅಡಿಯ ಚಿತ್ರದ ಹಣೆ ಎಲ್ಲಿತ್ತೋ ಸರಿಯಾಗಿ ಅಲ್ಲೇ.

ಸಫ್ದರ್ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಅಮ್ಮ, ಇದನ್ನ ನಾನೇ ತಗೊಂಡು ಹೋಗ್ತೀನಿ."

ಪಾಪಮ್ಮ ಬಗ್ಗಿ, ಕೆಸರಿನ ಹತ್ತಿರ ಮೂಗು ತಂದು ಮೂಸಿದರು.

"ಇರ್ಲಿ ಬಿಡು" ಎಂದರು. "ಇದಕ್ಕೆ ವಾಸನೆ ಇದೆ."

ಮರುದಿನ ಬೆಳಿಗ್ಗೆ ಹನ್ನೊಂದು ಹೆಂಗಸರೂ ರಸ್ತೆಯಲ್ಲೇ ನಡೆದುಹೋದರಂತೆ.