ಷಡಕ್ಷರಿಯವರ ಎಡಗಡೆ ಸೀಟು

ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಷಡಕ್ಷರಿಯವರಿಗೆ ಮಾತೇ ಬರುವುದಿಲ್ಲ ಎಂದು ಅವರ ಹೆಂಡತಿ ಕೋಮಲಾ ಬಹಳ ವರ್ಷಗಳಿಂದ ನಂಬಿದ್ದರು. ಊಟಕ್ಕೆ ಕೂತರೆ ‘ಸಾರು’, ‘ಮಜ್ಜಿಗೆ’. ಅಂಗಡಿಗೆ ಹೊರಟರೆ ‘ಬತ್ತೀನಿ’. ಅದಕ್ಕಿಂತ ಹೆಚ್ಚಿನ ಮಾತು ಆ ಮನೆಯಲ್ಲಿ ಕೇಳಿದವರಿಲ್ಲ.

ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ. ಅಶ್ವಿನಿ ಹುಟ್ಟಿದ ಮೇಲಂತೂ ಸಂಜೆಯಾದರೆ ಸಾಕು, ಅಂಗಡಿ ಬಾಗಿಲು ಎಳೆದು ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಬೀರೂರಿನವರೆಗೆ ಒಂದು ಸುತ್ತು ಹೊಡೆಸುತ್ತಿದ್ದರು. ಹಿಂದಿನ ಸೀಟಿನಲ್ಲಿ ನಿಂತುಕೊಂಡು ಅಪ್ಪನ ಕುತ್ತಿಗೆ ತಬ್ಬಿ ಅವಳು ಎದುರು ಬರುವ ಲಾರಿಗಳ ಬಣ್ಣ ಕೂಗುತ್ತಿದ್ದಳು. ಅವಳಿಗೆ ಆರು ತುಂಬಿ ಏಳಕ್ಕೆ ಬಿದ್ದಿತ್ತು. ಒಂದು ಮಳೆಗಾಲದಲ್ಲಿ ಜ್ವರ ಬಂತು. ಕಡೂರಿನಲ್ಲಿ ನೋಡಿದರು, ಆಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಮಗು ವಾಪಸು ಬರಲಿಲ್ಲ.

ಅಲ್ಲಿಗೆ ಮನೆಯಲ್ಲಿ ಮಾತು ನಿಂತಿತು. ಜಗಳವಾಗಿ ನಿಂತದ್ದಲ್ಲ. ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರು ಅತ್ತುಬಿಡುತ್ತಾರೆ ಎಂಬ ಭಯಕ್ಕೆ ನಿಂತದ್ದು. ಮತ್ತೆ ಮಕ್ಕಳಾಗಲಿಲ್ಲ.

ಮರುವರ್ಷ ಷಡಕ್ಷರಿಯವರು ಹಳೇ ಕಾರನ್ನು ಮಾರಿ ಬೆಂಗಳೂರಿನಿಂದ ಒಂದು ವಿಚಿತ್ರವಾದ ಕಾರನ್ನು ತಂದರು. ಸೊಂಟದೆತ್ತರದ ಕಾರು. ಮೈಯೆಲ್ಲ ಫೈಬರ್, ಬಣ್ಣ ಕಡುಕೆಂಪು, ಮೇಲಿನ ಹೊದಿಕೆ ಬಟ್ಟೆಯದು, ಬೇಕೆಂದಾಗ ಮಡಚಿ ಹಿಂದಕ್ಕೆ ಸರಿಸಬಹುದು. ಸ್ಪ್ಯಾರೋ ಎಂದು ಅದರ ಹೆಸರು. ಯಾವುದೋ ಸಣ್ಣ ಕಂಪನಿ ಕೆಲವು ನೂರು ಕಾರುಗಳನ್ನು ಮಾತ್ರ ಮಾಡಿ ಬಾಗಿಲು ಹಾಕಿಕೊಂಡಿತ್ತು. ಇಟ್ಟುಕೊಂಡವರು ಅದನ್ನು ಪ್ರೀತಿಯಿಂದ ‘ಗುಬ್ಬಿ’ ಎನ್ನುತ್ತಿದ್ದರು. ಊರಿನ ಜನ ಬಂದು ಮುಟ್ಟಿ ಮುಟ್ಟಿ ನೋಡಿದರು. ಕೋಮಲಾ ಹೊಸಿಲ ಮೇಲೇ ನಿಂತು ನೋಡಿದರು. ಅವರ ಕಣ್ಣಿಗೆ ಕೆಂಪು ಬಣ್ಣ ಬೀಳಲಿಲ್ಲ. ಎರಡೇ ಸೀಟು ಇರುವುದು ಬಿತ್ತು.

“ಮೂರನೇವ್ರಿಗೆ ಜಾಗಾನೇ ಇಲ್ದೇ ಇರೋ ಕಾರು ಹುಡುಕ್ಕೊಂಡು ಹೋದ್ರಾ?” ಎಂದರು.

ಷಡಕ್ಷರಿ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಮಗಳು ಇದ್ದಳೆಂಬುದನ್ನೇ ಈ ಮನುಷ್ಯ ಮರೆತರಲ್ಲ ಎಂದು ಕೋಮಲಾರ ಹೊಟ್ಟೆ ಉರಿಯಿತು. ಆ ಕಾರಿನಲ್ಲಿ ತಾನು ಕೂರುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡರು. ಶುರುವಿನಲ್ಲಿ ಷಡಕ್ಷರಿ ಕರೆದರು. “ಬಾರೇ, ಒಂದು ರೌಂಡು ಹೋಗ್ಬರಣ.” ಕೋಮಲಾ ಕೆಲಸದ ನೆಪ ಹೇಳಿದರು. ಬರುಬರುತ್ತಾ ಅವರು ಕರೆಯುವುದನ್ನು ಬಿಟ್ಟರು. ಭಾನುವಾರ ಬೆಳಿಗ್ಗೆ ಕಾರು ಒರೆಸಿ ಒಬ್ಬರೇ ಹೋಗುವುದು, ಮಧ್ಯಾಹ್ನ ಬಂದು ಊಟಕ್ಕೆ ಕೂರುವುದು. ಎಲ್ಲಿಗೆ ಹೋಗಿದ್ದಿರಿ ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಹೀಗೇ ಹದಿನೆಂಟು ವರ್ಷ ಕಳೆಯಿತು.

ಹೋದ ವರ್ಷ ಅಂಗಡಿಯಲ್ಲಿ ಗಿರಾಕಿಗೆ ಬೇರಿಂಗ್ ತೋರಿಸುತ್ತಿದ್ದಾಗ ಷಡಕ್ಷರಿಯವರಿಗೆ ಎದೆನೋವು ಬಂತು. ಅಂಗಡಿಯ ಆಳು ರಂಗಯ್ಯ ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತೋಟದಲ್ಲಿ ಮಣ್ಣು ಮಾಡಿದ ದಿನ ಕೋಮಲಾ ಎಂದೂ ನೋಡಿರದ ಐದಾರು ಮಂದಿ ಬಂದು ದೂರದಲ್ಲಿ ನಿಂತಿದ್ದರು. ಅವರಲ್ಲೊಬ್ಬ ಚಿಕ್ಕ ಹುಡುಗನ ಹಾಗೆ ಬಿಕ್ಕುತ್ತಿದ್ದ. ಅವನು ಕಲ್ಲೇಶ, ಅಜ್ಜಂಪುರದ ಈರುಳ್ಳಿ ವ್ಯಾಪಾರಿ, ಅವನಲ್ಲೂ ಒಂದು ಗುಬ್ಬಿ ಇದೆ ಎಂದು ಆಮೇಲೆ ತಿಳಿಯಿತು.

ಅಂಗಡಿಯನ್ನು ಕೋಮಲಾ ತಾವೇ ನಡೆಸತೊಡಗಿದರು. ಕಾರು ಹಿಂದಿನ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಬಿದ್ದಿತ್ತು. ಕಲ್ಲೇಶ ಆಗಾಗ ಬಂದು ಎಂಜಿನ್ ಚಾಲು ಮಾಡಿ, ಚಕ್ರಕ್ಕೆ ಗಾಳಿ ಹಾಕಿ ಹೋಗುತ್ತಿದ್ದ. ಮಾರ್ಗಶಿರದಲ್ಲಿ ಒಂದು ದಿನ ಬಂದವನು ಕೈಕಟ್ಟಿ ನಿಂತ.

“ಅತ್ತಿಗೆ, ಬರೋ ಭಾನುವಾರ ಗುಬ್ಬಿಯೋರೆಲ್ಲ ಅಮೃತಾಪುರದಲ್ಲಿ ಸೇರ್ತಿದ್ದೀವಿ. ವರ್ಷಕ್ಕೊಂದು ಸಲ ಸೇರೋದು. ಅಣ್ಣನ ಕಾರಿಲ್ದೆ ಹೆಂಗೆ? ನಾನು ಓಡಿಸ್ಕೊಂಡು ಹೋಗ್ತೀನಿ. ನೀವೂ ಬರ್ಬೇಕು.”

“ಕಾರು ತಗೊಂಡೋಗಪ್ಪ. ನಾನ್ಯಾಕೆ?”

“ಎಲ್ರೂ ನಿಮ್ಮನ್ನ ಕೇಳ್ತಾರೆ ಅತ್ತಿಗೆ.”

ಗುರುತಿಲ್ಲದವರು ತನ್ನನ್ನು ಕೇಳುವುದೇನು ಎಂದು ಕೋಮಲಾರಿಗೆ ಆಶ್ಚರ್ಯವಾಯಿತು. ಮಣ್ಣಿಗೆ ಬಂದು ನಿಂತವರ ಮುಖಗಳು ನೆನಪಾದವು. ಬರುತ್ತೇನೆ ಎಂದರು. ಆದರೆ ಕಾರಿನಲ್ಲಿ ಅಲ್ಲ. ಭಾನುವಾರ ತರೀಕೆರೆಗೆ ಒಂದು ಬಸ್ಸು, ಅಲ್ಲಿಂದ ಅಮೃತಾಪುರಕ್ಕೆ ಇನ್ನೊಂದು ಬಸ್ಸು ಹತ್ತಿ ಹೋದರು.

ದೇವಸ್ಥಾನದಿಂದ ಸ್ವಲ್ಪ ಆಚೆ, ಮರದ ನೆರಳಿನಲ್ಲಿ ಗುಬ್ಬಿಗಳು ಸಾಲಾಗಿ ನಿಂತಿದ್ದವು. ಹಳದಿ, ನೀಲಿ, ಬಿಳಿ. ಕೊನೆಯಲ್ಲಿ ಷಡಕ್ಷರಿಯವರ ಕೆಂಪು. ಒಬ್ಬರ ಕಾರಿನೊಳಗೆ ಒಬ್ಬರು ತಲೆ ತೂರಿಸಿ ನೋಡುತ್ತಿದ್ದರು. ಮೊದಮೊದಲು ತಯಾರಾದ ಕಾರುಗಳ ಮೀಟರಿನಲ್ಲಿ ಅಂಕಿಗಳು ಹಳದಿಯಂತೆ, ಆಮೇಲಿನವುಗಳಲ್ಲಿ ಬಿಳಿಯಂತೆ. ಯಾರ ಬಾಗಿಲ ಹಿಡಿ ಕಂಪನಿಯದು, ಯಾರದು ಬೇರೆ ಕಾರಿನಿಂದ ಕಿತ್ತು ಹಾಕಿದ್ದು, ಯಾರ ಬಣ್ಣ ಹುಟ್ಟುಬಣ್ಣ ಎಂಬ ವಾದ ಜೋರಾಗಿ ನಡೆದಿತ್ತು. ಕೋಮಲಾರನ್ನು ಕಂಡದ್ದೇ ವಾದ ನಿಂತಿತು.

ತರೀಕೆರೆಯಲ್ಲಿ ಹಲ್ಲಿನ ಡಾಕ್ಟರಾಗಿದ್ದ ಹೇಮಶ್ರೀ ಓಡಿ ಬಂದು ಕೈ ಹಿಡಿದುಕೊಂಡಳು. ಅವಳದು ಹಳದಿ ಗುಬ್ಬಿ. “ಅಕ್ಕ, ನಿಮ್ಮನ್ನ ಇವತ್ತೇ ಮೊದ್ಲು ನೋಡಿದ್ರೂ ಮೊದ್ಲಿಂದ ಗೊತ್ತಿರೋ ಹಂಗೇ ಅನ್ಸುತ್ತೆ. ಅಣ್ಣ ಬಾಯಿ ತೆಗೆದ್ರೆ ನಿಮ್ಮ ವಿಷಯಾನೇ!”

“ನನ್ನ ವಿಷಯ?”

“ಇನ್ನೇನು? ಮಾತಿಗೆ ಕೂತ್ರೆ ಏಳ್ತಾನೇ ಇರ್ಲಿಲ್ಲ ಅವ್ರು. ಕೆಮ್ಮಣ್ಣುಗುಂಡಿ ಘಾಟೀಲಿ ನೀವು ಕಣ್ಣು ಮುಚ್ಕೊಂಡು ‘ನಮಃ ಶಿವಾಯ’ ಹೇಳ್ತಾ ಕೂತಿದ್ರಂತೆ. ಮೇಲಕ್ಕೆ ಹೋದ್ಮೇಲೆ ‘ಇಷ್ಟೇನಾ?’ ಅಂದ್ರಂತೆ.”

ಸುತ್ತ ನಿಂತವರು ನಕ್ಕರು. ಓಂಕಾರೇಶ್ ಎಂಬ ಬೆಳ್ಳಿಕೂದಲಿನವರು, ಲಕ್ಕವಳ್ಳಿ ಅಣೆಕಟ್ಟಿನ ಕೆಲಸದಿಂದ ನಿವೃತ್ತರಾದವರು, ತಾವೂ ಸೇರಿಕೊಂಡರು. “ಡ್ಯಾಮ್ ನೋಡಕ್ಕೆ ಬಂದಾಗ ನಮ್ಮನೆಗೆ ಬರ್ದೆ ಹೊರಟೋದ್ರಿ ನೀವು. ಕೇಳಿದ್ರೆ, ‘ಅವ್ಳಿಗೆ ಮೆಣಸಿನಕಾಯಿ ಬೋಂಡಾ ತಿಂದು ಹೊಟ್ಟೆ ತುಂಬಿತ್ತು ಕಣ್ರೀ’ ಅಂದ್ರು ನಮ್ಮ ಷಡಕ್ಷರಿ.”

ಕೋಮಲಾರಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಕೆಮ್ಮಣ್ಣುಗುಂಡಿಗೆ ಅವರು ಹೋಗಿಯೇ ಇರಲಿಲ್ಲ. ಲಕ್ಕವಳ್ಳಿ ಡ್ಯಾಮನ್ನು ಶಾಲೆಯಲ್ಲಿದ್ದಾಗ ಪ್ರವಾಸದಲ್ಲಿ ಕಂಡದ್ದು ಅಷ್ಟೆ. ಗಂಡನಿಗೆ ಬೇರೆ ಯಾರೋ ಇದ್ದರೇ ಎಂಬ ಕೆಟ್ಟ ಯೋಚನೆಯೂ ಒಂದು ಕ್ಷಣ ಬಂತು. ಅಷ್ಟರಲ್ಲಿ ಹೇಮಶ್ರೀ ಕೆಂಪು ಕಾರಿನ ಬಾಗಿಲು ತೆರೆದು ಒಳಗೆ ಬೆರಳು ಮಾಡಿದಳು.

“ನೋಡಿ, ಎಲ್ರ ಕಾರಲ್ಲೂ ಎರಡು ಸೀಟೂ ಹರಿದು ನಾವು ಬೇರೆ ಹೊಲ್ಸಿದ್ದೀವಿ. ಅಣ್ಣನ ಕಾರಲ್ಲಿ ಎಡಗಡೇದು ಮಾತ್ರ ಕಂಪನಿಯಿಂದ ಬಂದ ಹಂಗೇ ಇದೆ. ‘ಎಷ್ಟು ಊರು ಸುತ್ತಿದ್ರೂ ಅಕ್ಕನ ಸೀಟು ಸವೆದಿಲ್ವಲ್ಲ’ ಅಂದ್ರೆ, ‘ಅವ್ಳು ಹಗುರ ಕಣಮ್ಮ, ಹಕ್ಕಿ ಕೂತಂಗೆ ಕೂತ್ಕೋತಾಳೆ’ ಅಂತಿದ್ರು.”

ಕೋಮಲಾ ಬಗ್ಗಿ ನೋಡಿದರು. ಬಲಗಡೆ ಸೀಟು ಹಳ್ಳ ಬಿದ್ದು, ಅಂಚು ಕಿತ್ತು, ಒಂದು ಮಗ್ಗುಲಿಗೆ ತೇಪೆ ಹಾಕಿತ್ತು. ಎಡಗಡೆ ಸೀಟಿನ ಕಪ್ಪು ರೆಕ್ಸಿನ್ ಒಂದು ಗೆರೆಯೂ ಇಲ್ಲದೆ ಉಬ್ಬಿಕೊಂಡಿತ್ತು. ಅದರ ಬೆಲ್ಟು ಎಳೆದರೆ ಮುರಿಯುವಷ್ಟು ಸೆಟೆದಿತ್ತು. ಆಗ ಅವರಿಗೆ ತಿಳಿಯಿತು. ಬೇರೆ ಯಾರೂ ಇರಲಿಲ್ಲ. ಭಾನುವಾರ ಭಾನುವಾರ ಖಾಲಿ ಸೀಟನ್ನು ಮಗ್ಗುಲಲ್ಲಿ ಇಟ್ಟುಕೊಂಡು ಆ ಮನುಷ್ಯ ಒಬ್ಬರೇ ಊರೂರು ಸುತ್ತಿ, ಈ ಗುಬ್ಬಿಯವರ ಮುಂದೆ ಬಂದು ಹೆಂಡತಿಯ ಕತೆ ಹೇಳಿದ್ದರು. ಮನೆಯಲ್ಲಿ ಆಡದ ಮಾತೆಲ್ಲ ಇಲ್ಲಿ ಆಡಿದ್ದರು.

“ಅಯ್ಯನಕೆರೆ ಏರಿ ಮೇಲೆ ಸೆರಗು ಹಾರಿ ಅಣ್ಣನ ಮುಖಕ್ಕೆ ಬಿತ್ತಂತಲ್ಲ, ಅದೊಂದು ನಿಜಾನಾ ಅಕ್ಕ?” ಎಂದಳು ಹೇಮಶ್ರೀ.

ಎಲ್ಲರೂ ಕೋಮಲಾರ ಮುಖ ನೋಡುತ್ತಿದ್ದರು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ, ಸತ್ತವನು ಇವರೆಲ್ಲರ ಮುಂದೆ ಸುಳ್ಳುಗಾರನಾಗುತ್ತಿದ್ದ.

“ನಿಜ ಕಣಮ್ಮ” ಎಂದರು ಕೋಮಲಾ. ಕಾರಿನ ಬಾಗಿಲಿಗೆ ಕೈಯೂರಿ ಮುಂದುವರಿಸಿದರು. “ಬ್ಯಾಡ, ಮೇಲಿನ ಬಟ್ಟೆ ತೆಗೀಬ್ಯಾಡಿ, ಗಾಳಿ ಇದೆ ಅಂದೆ. ಕೇಳ್ಲಿಲ್ಲ. ಹಸಿರು ಸೀರೆ ಉಟ್ಟಿದ್ದೆ. ಸೆರಗು ಹೋಗಿ ಅವ್ರ ಮುಖಕ್ಕೆ ಸುತ್ಕೊಂತು. ಕಾರು ಕೆರೆಗೇ ಹೋಯ್ತು ಅಂದ್ಕೊಂಡೆ.”

“ನೀಲಿ ಸೀರೆ ಅಂದಿದ್ರು ಅವ್ರು” ಎಂದರು ಓಂಕಾರೇಶ್.

“ಅವ್ರಿಗೆ ಸೀರೆ ಬಣ್ಣ ಎಲ್ಲಿ ಗೊತ್ತಾಗ್ತಿತ್ತು ಬಿಡಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಕೋಮಲಾ ಕೂಡ ನಕ್ಕರು. ಕಲ್ಲೇಶ ಮಾತ್ರ ಬೇರೆ ಕಡೆ ಮುಖ ಮಾಡಿ ಕೆಂಪು ಕಾರಿನ ಗಾಜು ಒರೆಸುತ್ತಿದ್ದ.

ಊಟ ಮುಗಿದ ಮೇಲೆ ಕೋಮಲಾ ಬಸ್ಸಿಗೆ ಹೋಗಲಿಲ್ಲ. ಕೆಂಪು ಕಾರಿನ ಹತ್ತಿರ ಬಂದು, “ಬಾಗ್ಲು ತೆಗಿಯಪ್ಪ ಕಲ್ಲೇಶ” ಎಂದರು. ಕೂರುವುದು ಸುಲಭವಾಗಲಿಲ್ಲ. ಮೊಣಕಾಲು ನೋಯುತ್ತಿತ್ತು, ಕಾರು ತಗ್ಗು. ಕಲ್ಲೇಶ ಕೈ ಹಿಡಿದು ಕೂರಿಸಿದ. ಕಾರು ಬೀರೂರಿನ ಹತ್ತಿರ ಬಂತು. ಅಲ್ಲಿ ಎಂಜಿನ್ ಕಾದು ಮೀಟರಿನ ಮುಳ್ಳು ಮೇಲೇರಿತು. ಕಲ್ಲೇಶ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿದ.

“ಇದ್ರಲ್ಲಿ ನಾನು ಕೂತಿರೋದು ಇವತ್ತೇ ಮೊದ್ಲು ಕಣಪ್ಪ” ಎಂದರು ಕೋಮಲಾ.

“ಗೊತ್ತು ಅತ್ತಿಗೆ” ಎಂದ ಅವನು ಮೆಲ್ಲಗೆ. “ಬೇರೆಯೋರಿಗೆ ಗೊತ್ತಿಲ್ಲ. ನಂಗೊಬ್ಬಂಗೆ ಗೊತ್ತು. ಅಣ್ಣ ಅಯ್ಯನಕೆರೆ ಏರಿ ಮೇಲೆ ಒಬ್ರೇ ಕೂತಿದ್ದು ನೋಡಿದ್ದೆ. ಮುಂದಿನ ಸಲ ಸೇರಿದಾಗ ಸೆರಗಿನ ಕತೆ ಹೇಳಿದ್ರು. ನಾನು ಸುಮ್ನಿದ್ದೆ.”

“ನನ್ನ ಮೇಲೆ ಅಷ್ಟು ಆಸೆ ಇದ್ದೋರು ಈ ಎರಡು ಸೀಟಿನ ದರಿದ್ರ ಕಾರು ಯಾಕಪ್ಪ ತಂದ್ರು? ಮಗು ಇದ್ದ ಮನೆಗೆ?”

ಕಲ್ಲೇಶ ಸ್ಟೀರಿಂಗ್ ಮೇಲಿನ ಕೈ ತೆಗೆದು ಅವರ ಕಡೆ ತಿರುಗಿದ.

“ನಾನೂ ಒಂದ್ಸಲ ಕೇಳ್ದೆ ಅತ್ತಿಗೆ, ಅಂಗಡಿ ಸಾಮಾನು ಹಾಕಕ್ಕೂ ಜಾಗ ಇಲ್ವಲ್ಲಣ್ಣ, ಯಾಕೆ ತಗೊಂಡ್ರಿ ಅಂತ. ‘ಹಳೇ ಕಾರಲ್ಲಿ ಕನ್ನಡಿ ನೋಡಿದ್ರೆ ಹಿಂದಿನ ಸೀಟು ಕಾಣ್ತಿತ್ತು ಕಣೋ ಕಲ್ಲೇಶ. ಓಡ್ಸಕ್ಕೇ ಆಗ್ತಿರ್ಲಿಲ್ಲ. ಇದ್ರಲ್ಲಿ ಬರೀ ರಸ್ತೆ ಕಾಣ್ತದೆ’ ಅಂದ್ರು. ಮನೇಲಿ ಹೇಳಿದ್ದೀರಾ ಅಂದೆ. ‘ಹೇಳ್ಬೇಕು ಅಂದ್ರೆ ಮಗೂ ಹೆಸ್ರು ಎತ್ಬೇಕು. ಅವ್ಳು ತಡ್ಕೊಳಲ್ಲ’ ಅಂದ್ರು.”

ಕೋಮಲಾ ತಲೆಯೆತ್ತಿ ಗಾಜಿನ ಮೇಲಿದ್ದ ಕನ್ನಡಿ ನೋಡಿದರು. ಅದರಲ್ಲಿ ತಾವು ಬಂದ ರಸ್ತೆ, ಅದರ ಮೇಲೆ ಬರುತ್ತಿದ್ದ ಒಂದು ಎತ್ತಿನ ಗಾಡಿ ಕಂಡಿತು. ಗಂಡ ಸತ್ತ ದಿನವೂ ಸರಿಯಾಗಿ ಅಳದಿದ್ದವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಅತ್ತರು. ಮಗಳಿಗೋ ಗಂಡನಿಗೋ ತಿಳಿಯದ ಹಾಗೆ ಅತ್ತರು. ಆ ಮನುಷ್ಯನನ್ನು ಕೋಪದಲ್ಲಾದರೂ ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದರೋ ಏನೋ. ತಡೆದುಕೊಳ್ಳಲಾರಳು ಎಂದು ಅವರು ಅಂದುಕೊಂಡರು, ಮರೆತಿದ್ದಾರೆ ಎಂದು ಇವರು ಅಂದುಕೊಂಡರು. ಒಂದೇ ಮಗುವಿಗಾಗಿ ಇಬ್ಬರೂ ಬೇರೆ ಬೇರೆಯಾಗಿ ಅತ್ತಿದ್ದರು. ಕಲ್ಲೇಶ ಕೆಳಗಿಳಿದು, ಎಂಜಿನ್ ತಣ್ಣಗಾದ ಮೇಲೂ ಮರದ ಬುಡದಲ್ಲೇ ಬಹಳ ಹೊತ್ತು ಕೂತಿದ್ದ.

ಆಮೇಲೆ ಒಂದೆರಡು ಭಾನುವಾರ ಕಲ್ಲೇಶ ಅವರನ್ನು ಕರೆದುಕೊಂಡು ಹೋದ. ಕೆಮ್ಮಣ್ಣುಗುಂಡಿಗೂ ಹೋದರು. ಘಾಟಿಯಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಆದರೆ ಮಗ್ಗುಲಲ್ಲಿ ಕೂತು ಓಡಿಸುವವನು ಬೇರೆಯವನು ಎನ್ನುವುದು ಪ್ರತಿ ತಿರುವಿನಲ್ಲೂ ನೆನಪಾಗುತ್ತಿತ್ತು. ಅಲ್ಲಿಂದ ಮುಂದೆ ಅವರು ಹೋಗಲಿಲ್ಲ.

ಯುಗಾದಿಗೆ ಮುಂಚೆ ಹೇಮಶ್ರೀಯ ಹಳದಿ ಕಾರಿಗೆ ಲಾರಿ ಗುದ್ದಿ ಮುಂಭಾಗವೆಲ್ಲ ಪುಡಿಯಾಯಿತು. ಅವಳು ಕಾರಿನಲ್ಲಿರಲಿಲ್ಲ, ರಸ್ತೆ ಬದಿಯಲ್ಲಿ ನಿಲ್ಲಿಸಿದ್ದಳು. ಬದಲಿ ಭಾಗ ಎಲ್ಲೂ ಸಿಗುವುದಿಲ್ಲ ಎಂದು ಕಲ್ಲೇಶನಿಂದ ತಿಳಿದ ಕೋಮಲಾ, ಕೆಂಪು ಗುಬ್ಬಿಯನ್ನೇ ಅವಳು ಇಟ್ಟುಕೊಳ್ಳಲಿ ಎಂದು ಹೇಳಿ ಕಳಿಸಿದರು. ಕಾರು ಒಯ್ಯಲು ಅವಳು ಬಂದ ದಿನ ಕೋಮಲಾ ತಾವೇ ಅದನ್ನು ಒರೆಸಿ, ಮುಂದೆ ವಿಭೂತಿ ಹಚ್ಚಿ, ಕಾಯಿ ಒಡೆದರು.

“ಒಂದು ರೌಂಡು ಬನ್ನಿ ಅಕ್ಕ” ಎಂದಳು ಹೇಮಶ್ರೀ, ಎಡಗಡೆಯ ಬಾಗಿಲು ತೆರೆದು.

“ಬ್ಯಾಡಮ್ಮ, ನೀನು ಹುಷಾರಾಗಿ ಹೋಗ್ಬಾ. ನಾನು ಅಂಗಡಿ ತೆಗೀಬೇಕು.”

ಕಾರು ಸ್ಟೇಷನ್ ರಸ್ತೆಯ ತಿರುವು ದಾಟಿತು. ಕೋಮಲಾ ಅಂಗಡಿಯ ಬಾಗಿಲು ಎತ್ತಿದರು. ಚೌಳಹಿರಿಯೂರಿನ ಕಡೆಯ ರೈತನೊಬ್ಬ ಆಗಲೇ ಕಾಯುತ್ತ ನಿಂತಿದ್ದ. ಅವನಿಗೆ ಟ್ರ್ಯಾಕ್ಟರಿನ ಆಯಿಲ್ ಫಿಲ್ಟರ್ ಬೇಕಿತ್ತು.