ದುಡ್ಡೊಂದಿದ್ದರೆ ಕೊಳ್ಳುತ್ತಿದ್ದ ವಿಮಾನ

ತಿಪಟೂರಿನ ಕೊಬ್ಬರಿ ಪೇಟೆಯಲ್ಲಿ ಮಹಾಂತೇಶಪ್ಪ ಯಾರು ಅಂತ ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಾರೆ. ವಿಮಾನದ ಮಹಾಂತೇಶಪ್ಪ ಅನ್ನಿ, ಟೀ ಅಂಗಡಿಯವನೇ ಲೋಟ ಕೆಳಗಿಟ್ಟು ಮಂಡಿಯ ಬಾಗಿಲತನಕ ಬಿಟ್ಟು ಬರುತ್ತಾನೆ. ಐವತ್ತೈದು ವರ್ಷದ ಈ ಮನುಷ್ಯನಿಗೆ ತುರುವೇಕೆರೆ ರಸ್ತೆಯಲ್ಲಿ ಆರೆಕರೆ ತೆಂಗಿನ ತೋಟ, ಪೇಟೆಯಲ್ಲೊಂದು ಕೊಬ್ಬರಿ ಮಂಡಿ, ಬೀರುವಿನಲ್ಲಿ ವಿಮಾನ ಹಾರಿಸುವ ಲೈಸೆನ್ಸು. ಲೈಸೆನ್ಸಿನ ಅವಧಿ ಮುಗಿದು ಒಂದು ತಲೆಮಾರೇ ಕಳೆದಿದೆ. ಅದನ್ನು ಯಾರೂ ಕೇಳುವುದಿಲ್ಲ, ಅವನಾಗಿ ಹೇಳುವುದೂ ಇಲ್ಲ.

ಇಪ್ಪತ್ತೇಳು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅವನ ಜೊತೆ ಹಾರಲು ಕಲಿತವರದ್ದೊಂದು ವಾಟ್ಸಾಪ್ ಗುಂಪಿದೆ. ಭಾನುವಾರ ಬೆಳಗಾದರೆ ಅದರಲ್ಲಿ ಒಂದೇ ಆಟ: ದುಡ್ಡೊಂದಿದ್ದರೆ ಯಾವ ವಿಮಾನ ತಗೋತೀಯ? ಒಬ್ಬನಿಗೆ ಜೆಟ್ಟೇ ಬೇಕು, ಕಮ್ಮಿಯದನ್ನು ಅವನು ಕಣ್ಣೆತ್ತಿಯೂ ನೋಡುವವನಲ್ಲ. ಇನ್ನೊಬ್ಬನಿಗೆ ನೀರಿನ ಮೇಲೆ ಇಳಿಯುವಂಥದ್ದು. ಬೋರನಕಣಿವೆ ಜಲಾಶಯದಲ್ಲಿ ಇಳಿಸಿ ಅಲ್ಲೇ ಬುತ್ತಿ ಬಿಚ್ಚುತ್ತಾನಂತೆ. ಮಗದೊಬ್ಬನಿಗೆ ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇರುವ ಸಿರಸ್. ಮಹಾಂತೇಶಪ್ಪ ಮಾತ್ರ ಒಂದನ್ನೇ ಹಿಡಿದು ಕೂತವನು. ಸೆಸ್ನಾ ೧೭೨, ನಾಲ್ಕು ಸೀಟು, ರೆಕ್ಕೆ ತಲೆಯ ಮೇಲೆ. ರೆಕ್ಕೆ ಮೇಲಿದ್ದರೆ ಕೆಳಗಿನ ತೋಟ ಕಾಣುತ್ತದೆ ಅನ್ನುವುದು ಅವನ ವಾದ. ಕೊನೆಗೆ ಒಂದು ನಿಟ್ಟುಸಿರು: "ದುಡ್ಡೆಲ್ಲೈತೆ ಕಣ್ರಪ್ಪ, ಸಂಸಾರ ಅಂತ ಆದ್ಮೇಲೆ." ಕನ್ನಡಿಯೊಳಗಿನ ಗಂಟು ಎಷ್ಟು ದೊಡ್ಡದಾದರೂ ಹೊರುವ ಕಷ್ಟವಿಲ್ಲ ನೋಡಿ.

ಕಷ್ಟ ಶುರುವಾಗಿದ್ದು ದುಡ್ಡು ಬಂದಾಗ. ಹೆದ್ದಾರಿ ಅಗಲ ಮಾಡುವಾಗ ಅವನ ಎರಡೆಕರೆ ಬೀಳು ಜಮೀನು ಹೋಗಿ ಪರಿಹಾರ ಕೈತುಂಬ ಬಂತು. ಮಗಳು ಇಂಪನಾಳ ಮದುವೆಯೂ ಮುಗಿದಿತ್ತು. ಅದೇ ತಿಂಗಳು ಗುಂಪಿನ ತಿಮ್ಮರಾಜು, ಮಂಡಿಚಿಪ್ಪು ಬದಲಾಯಿಸಿಕೊಂಡು ಹಾರಾಟಕ್ಕೆ ಕೈಮುಗಿದವನು, ತನ್ನ ಹಳೆಯ ಸೆಸ್ನಾವನ್ನು ಒಂದು ದೊಡ್ಡ ಕಾರಿನ ಬೆಲೆಗೆ ಕೊಡುತ್ತೇನೆ ಅಂದ. "ನಿಂಗಲ್ದೆ ಇನ್ಯಾರ್ಗೆ ಕೊಡ್ಲಿ ಕಣ್ಲಾ, ಮೂರು ತಿಂಗಳು ಹಾರೋದು ಕಲಿಸೋರ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಾರ್ಸಿದ್ರೆ ಲೈಸೆನ್ಸೂ ರಿನ್ಯೂ ಆಯ್ತದೆ."

ಮಹಾಂತೇಶಪ್ಪ ಇದನ್ನು ಊಟದ ಹೊತ್ತಿನಲ್ಲಿ ತಮಾಷೆಯಾಗಿ ಹೆಂಡತಿ ಶಾಂತಕುಮಾರಿಗೆ ಹೇಳಿದ. ಅವಳು ಬೈಯುತ್ತಾಳೆ, ವಿಷಯ ಅಲ್ಲಿಗೇ ಮುಗಿಯುತ್ತದೆ ಅಂತ ಅವನ ಲೆಕ್ಕ. ಅವಳು ಸಾರಿನ ಸೌಟು ಪಾತ್ರೆಯಲ್ಲಿಟ್ಟು, "ತಗೊಳ್ರಿ," ಅಂದಳು.

"ಏನು?"

"ಇಮಾನ. ತಗೊಂಡುಬುಡಿ. ಎಷ್ಟು ವರ್ಷ ಅಂತ ಆಸೆ ಕಟ್ಕೊಂಡಿರ್ತೀರ?"

ಮಹಾಂತೇಶಪ್ಪನಿಗೆ ಮುದ್ದೆ ಗಂಟಲಲ್ಲೇ ನಿಂತಿತು.

ಯಾಕೆ ನಿಂತಿತು ಅಂದರೆ, ಅವನಿಗೆ ಹಾರಲು ಭಯ. ಈ ಒಂದು ಮಾತನ್ನು ಅವನು ಹುಟ್ಟಿಸಿದ ದೇವರಿಗೂ ಹೇಳಿರಲಿಲ್ಲ.

ಲೈಸೆನ್ಸು ಬಂದ ಹೊಸದರಲ್ಲಿ ಕ್ಲಬ್ಬಿನ ವಿಮಾನ ತೆಗೆದುಕೊಂಡು ಒಬ್ಬನೇ ನಮ್ಮೂರ ಮೇಲೆ ಬರುತ್ತೇನೆ ಅಂತ ಸಾರಿಬಿಟ್ಟಿದ್ದ. ಗುರುತಿಗೆ ಮನೆ ಮುಂದಿನ ಕಣದಲ್ಲಿ ಬಿಳಿ ಪಂಚೆ ಹಾಸಿರಿ ಅಂತ ತಾಯಿ ಪುಟ್ಟಗೌರಮ್ಮನಿಗೆ ಹೇಳಿದ್ದ. ಬುದ್ಧಿವಂತ. ಮಳೆ ಹೋಗಿ ಒಳ್ಳೆ ಬಿಸಿಲು ಬಿದ್ದ ಕಾರ್ತಿಕ ಮಾಸ ಅದು. ಮೇಲಿನಿಂದ ನೋಡುತ್ತಾನೆ, ತಿಪಟೂರಿನಿಂದ ತುರುವೇಕೆರೆಯವರೆಗೆ ಪ್ರತಿ ಊರಿನ ಪ್ರತಿ ಕಣದಲ್ಲೂ ಬಿಳಿ ಬಟ್ಟೆ, ಅದರ ಮೇಲೆ ಅಟ್ಟದಿಂದಿಳಿಸಿ ಒಡೆದು ಒಣಗಲು ಹಾಕಿದ ಕೊಬ್ಬರಿ! ಈ ಸೀಮೆಯಲ್ಲಿ ಕಾರ್ತಿಕದ ಬಿಸಿಲಿಗೆ ಬೇರೇನು ಹಾಸುತ್ತಾರೆ? ನೆಲದ ಮೇಲೆ ನಿಂತರೆ ಸಾವಿರ ಮರದಲ್ಲಿ ತನ್ನ ಮರ ಯಾವುದು ಅಂತ ಹೇಳುವವನಿಗೆ ಮೇಲಿನಿಂದ ತನ್ನ ತೋಟವೇ ಸಿಗಲಿಲ್ಲ. ಕೆಳಗೆಲ್ಲ ಒಂದೇ ಹಸಿರು. ಹುಡುಕುತ್ತಾ ಸುತ್ತು ಹಾಕಿ ಹಾಕಿ ದಿಕ್ಕೂ ತಪ್ಪಿತು, ಪೆಟ್ರೋಲಿನ ಮುಳ್ಳೂ ಇಳಿಯಿತು. ಕೊನೆಗೆ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯ ಹೊಗೆ ಕಂಡು, ಅದರ ಪಕ್ಕದ ರೈಲು ಹಳಿಯನ್ನೇ ಹಿಡಿದು ಬೆಂಗಳೂರು ಮುಟ್ಟಿದ. ಇಳಿದಾಗ ಅಂಗಿ ಹಿಂಡಿದರೆ ನೀರು ಬರುವಂತಿತ್ತು. ಊರಿಗೆ ಬಂದು, "ಭಾಳ ಮ್ಯಾಲಿದ್ದೆ ಕಣವ್ವ, ಅದ್ಕೇ ನಿಮ್ಗೆ ಕಾಣ್ಲಿಲ್ಲ. ನಾನು ನಿಮ್ಮನ್ನೆಲ್ಲ ನೋಡ್ದೆ," ಅಂದ. ಮತ್ತೆ ವಿಮಾನ ಮುಟ್ಟಲಿಲ್ಲ. ಮೂರೇ ತಿಂಗಳಿಗೆ ಮದುವೆಯಾಯಿತು. ಸಂಸಾರ, ದುಡ್ಡು ಅನ್ನುವ ಎರಡು ಮಾತುಗಳ ಹಿಂದೆ ಅಡಗಿ ಕೂತವನು ಅಲ್ಲಿಂದ ಏಳಲೇ ಇಲ್ಲ.

ಈಗ ಏಳಬೇಕಾಯಿತು. ಶಾಂತಕುಮಾರಿ ಹಟ ಹಿಡಿದಿದ್ದಳು. ವಿಮಾನ ನೋಡಲು ಹೋಗುವ ದಿನವನ್ನೂ ಅವಳೇ ಗೊತ್ತು ಮಾಡಿದಳು. ಅವಳಿಗೂ ಮೂರು ದಿನದಿಂದ ಊಟ ಸರಿಯಾಗಿ ಸೇರುತ್ತಿರಲಿಲ್ಲ; ತನ್ನ ಚಿಂತೆಯಲ್ಲಿದ್ದ ಗಂಡನಿಗೆ ಅದು ಕಾಣಲಿಲ್ಲ. ಕಾರು ಓಡಿಸುತ್ತಾ ಅವನು ದಾರಿಯುದ್ದಕ್ಕೂ ಬೇಡಿಕೊಂಡದ್ದು ಒಂದೇ: ಶಿವನೇ, ಆ ವಿಮಾನದಲ್ಲಿ ಏನಾದರೂ ಊನವಿರಲಿ.

ಬೆಂಗಳೂರಿನಾಚೆಯ ಖಾಸಗಿ ಶೆಡ್ಡಿನಲ್ಲಿ ಸೆಸ್ನಾ ದೂಳು ಹೊದ್ದು ನಿಂತಿತ್ತು. ರಿಪೇರಿ ನೋಡಿಕೊಳ್ಳುವ ಇಂಜಿನಿಯರ್ ಹುಡುಗಿ ಗಾನವಿ ಇಂಜಿನ್ನಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟಳು. "ಎಂಟು ವರ್ಷದಿಂದ ಯಾರೂ ಮುಟ್ಟಿಲ್ಲ ಮೇಡಂ," ಅಂದಳು.

"ಒಳ್ಳೇದೇ ಆಯ್ತಲ್ಲ," ಅಂದಳು ಶಾಂತಕುಮಾರಿ. ಅಟ್ಟಕ್ಕೆ ಹಾಕಿದ ಕಾಯನ್ನು ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೇ ಒಳ್ಳೆ ಕೊಬ್ಬರಿಯಾಗುವುದು. ಅವಳು ಕಂಡ ಲೋಕದಲ್ಲಿ ಕೈಯಾಡಿಸಿದ್ದೇ ಕೆಡುವುದು.

ಗಾನವಿ ನಕ್ಕಳು. "ಇಂಜಿನ್ನಿಗೆ ಉಲ್ಟಾ ಮೇಡಂ. ಓಡಿಸದೇ ಇಟ್ರೆ ಒಳಗಡೆ ತುಕ್ಕು ಹಿಡಿಯುತ್ತೆ. ಇದು ಹಿಡಿದಿದೆ."

ಮಹಾಂತೇಶಪ್ಪನಿಗೆ ಹೋದ ಜೀವ ಬಂದಂತಾಯಿತು. ಮುಖ ಸಪ್ಪಗೆ ಮಾಡಿಕೊಂಡು, "ಅಯ್ಯೋ, ಹಂಗಾದ್ರೆ ಆಗಲ್ಲ ಬುಡಮ್ಮ," ಅಂದ.

"ಆಗುತ್ತೆ ಸಾರ್. ಎರಡು ತಿಂಗಳು ಕೊಡಿ, ಹೊಸದರ ಥರ ಮಾಡಿಕೊಡ್ತೀನಿ."

"ಮಾಡಮ್ಮ," ಅಂದಳು ಶಾಂತಕುಮಾರಿ. "ಏನ್ ಬೇಕೋ ಎಲ್ಲ ಹಾಕಿ ಮಾಡು."

ಬಂದ ಜೀವ ಮತ್ತೆ ಹೋಯಿತು. ಅವನು ಹೊರಗೆ ಬಂದು ಶೆಡ್ಡಿನ ನೆರಳಿನಲ್ಲಿದ್ದ ಸಿಮೆಂಟ್ ಕಟ್ಟೆಯ ಮೇಲೆ ಕೂತ. ಹಿಂದೆಯೇ ಬಂದ ಹೆಂಡತಿ ಪಕ್ಕದಲ್ಲಿ ಕೂತು, "ಯಾಕ್ರೀ ಬೆವೀತೀರ?" ಅಂದಳು. ಇನ್ನೊಂದು ಸುಳ್ಳು ಹೇಳಲೂ ಅವನಲ್ಲಿ ತ್ರಾಣವಿರಲಿಲ್ಲ. ಕಾರ್ತಿಕದ ಆ ದಿನವನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ನಿಮ್ಮನ್ನೆಲ್ಲ ನೋಡಿದೆ ಅಂದದ್ದು ಸುಳ್ಳು ಅಂದ. "ಭಯ ಕಣೇ ನಂಗೆ. ಅವತ್ನಿಂದ ಇವತ್ತಿನ್ವರ್ಗೂ."

ಶಾಂತಕುಮಾರಿ ನಗುತ್ತಾಳೆ ಅಂದುಕೊಂಡಿದ್ದ. ಅವಳು ನಗಲಿಲ್ಲ.

"ಮದ್ವೆಗೆ ಮೊದ್ಲೇ ಬಿಟ್ಬುಟ್ಟಿದ್ರಾ?"

"ಮೂರು ತಿಂಗಳು ಮೊದ್ಲು."

"ಸೊಸೆ ಬಂದ್ಲು, ನನ್ ಮಗ ನೆಲಕ್ಕಿಳ್ದ ಅಂತ ಅತ್ತೆ ಸಾಯೋವರ್ಗೂ ಅಂದ್ರು. ನೀವು ಅಲ್ಲೇ ಕೂತ್ಕೊಂಡು ಕೇಳ್ತಿದ್ರಿ."

ಹೌದು, ಕೇಳುತ್ತಿದ್ದ. ಆ ಮಾತು ಅವನಿಗೆ ಅನುಕೂಲವಾಗಿತ್ತು. ಅದು ಇನ್ನೊಬ್ಬರ ಎದೆಯಲ್ಲಿ ಇಷ್ಟು ವರ್ಷ ಕೂತಿತ್ತು ಅಂತ ಅವನಿಗೆ ಈಗ ತಿಳಿಯಿತು, ನಾಚಿಕೆಯಾಯಿತು. "ತಪ್ಪಾಯ್ತು ಕಣೇ," ಅಂದ.

"ಇಮಾನ ಕೊಡ್ಸುದ್ರೆ ನನ್ ಪಾಪ ಕಳೀತದೆ ಅಂದ್ಕೊಂಡೆ. ನೀವು ಬಿದ್ದುಗಿದ್ದೋದ್ರೆ ಅಂತ ಮೂರ್ದಿನದಿಂದ ಹೊಟ್ಟೇಲಿ ಬೆಂಕಿ ಇಟ್ಕೊಂಡಿದ್ದೆ." ಸೆರಗಿನಲ್ಲಿ ಕಣ್ಣೊರೆಸಿಕೊಂಡು ಉಸಿರು ಬಿಟ್ಟಳು. ಅಷ್ಟು ಹಗುರಾದ ಮುಖವನ್ನು ಅವನು ತಮ್ಮ ಮನೆಯಲ್ಲಿ ಯಾವತ್ತೂ ನೋಡಿರಲಿಲ್ಲ. ಅವನಿಗೂ ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿತ್ತು.

ಗಾನವಿಗೆ ಬೇಡ ಅಂತ ಹೇಳಿ ಇಬ್ಬರೂ ಕಾರು ಹತ್ತಿದರು. ಅವನು ಕೀಲಿ ತಿರುಗಿಸುವಷ್ಟರಲ್ಲಿ ಶಾಂತಕುಮಾರಿ ತಡೆದಳು. ಮಗಳ ನಂಬರು ಒತ್ತಿ ಫೋನನ್ನು ಅವನ ಕೈಗಿಟ್ಟಳು.

"ಇಂಪನಂಗೂ ಹೇಳ್ರಿ. ಅವ್ಳಿಗೂ ಅಜ್ಜಿ ಅದನ್ನೇ ಹೇಳಿ ಬೆಳ್ಸಿದ್ರು."

ಆ ಕಡೆಯಿಂದ ಮಗಳು, "ಏನಪ್ಪ, ವಿಮಾನ ತಗೊಂಡ್ಯಾ?" ಅಂದಳು. ಮಹಾಂತೇಶಪ್ಪ, "ನಿಮ್ಮಮ್ಮಂದೇನೂ ತಪ್ಪಿರ್ಲಿಲ್ಲ ಕಣಮ್ಮ," ಅಂತ ಶುರುಮಾಡಿದ.